ಅವಳಿ ದೀಪ

ಅಚ್ಚಿನಲ್ಲಿ ಒತ್ತಿ ತೆಗೆದ ಹಳೆಯ ಗಾಜಿನ ಸೀಮೆಎಣ್ಣೆ ದೀಪಗಳ ವಿಷಯದಲ್ಲಿ ವಾಮನಮೂರ್ತಿಯವರ ಕಣ್ಣಿಗೆ ಮಣ್ಣೆರಚುವುದು ಬ್ರಹ್ಮನಿಗೂ ಸಾಧ್ಯವಿರಲಿಲ್ಲ. ಹಾಗೆಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು.

ಆ ಸಂಜೆ ಬೀದಿ ತಿರುವಿನಲ್ಲಿ, ಹಳೇ ಸಾಮಾನಿಗೆ ಸ್ಟೀಲ್ ಪಾತ್ರೆ ಕೊಡುವವಳ ಬುಟ್ಟಿಯಲ್ಲಿ ಒಂದು ಹಸಿರು ದೀಪ ಕಂಡಿತು. ಎದೆ ಡವಗುಟ್ಟಿದರೂ ಅವರು ಮುಖವನ್ನು ಹಾಗಲಕಾಯಿ ತಿಂದವರಂತೆ ಮಾಡಿಕೊಂಡರು.

“ಇದು ನಕಲಿ ಕಣಮ್ಮ.”

“ಹಂಗಾದ್ರೆ ಕೆಳಗ್ ಮಡಗಿ ಸಾಮಿ.”

“ಇರಲಿ, ಇರಲಿ. ಪಾಪ, ನಿನಗೂ ಹೊರೆ ಕಡಿಮೆಯಾಗಲಿ.”

ನಕಲಿಗೆ ಎರಡು ಸಾವಿರ ತೆತ್ತು, ಅವಳಿಗೆ ಟೋಪಿ ಹಾಕಿದ ಹೆಮ್ಮೆಯಲ್ಲಿ ಅವರು ಮನೆಯತ್ತ ಹೊರಟರು. ದಾರಿಯಲ್ಲೇ ಪರೀಕ್ಷೆಯೂ ಮುಗಿಯಿತು. ಗಾಜಿನೊಳಗೆ ಮೂರು ಗುಳ್ಳೆ, ಪಾದದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಚಕ್ಕೆ ಎದ್ದ ಗುರುತು. ಮನೆಯ ಕಪಾಟಿನಲ್ಲಿರುವ ದೀಪಕ್ಕೂ ಇವೇ ಮೂರು ಗುಳ್ಳೆ, ಇದೇ ಗುರುತು! ಎರಡೂ ಒಂದೇ ಅಚ್ಚಿನಲ್ಲಿ ಹುಟ್ಟಿದ ಅವಳಿಗಳು ಎನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

“ಲೇ, ಬಾರೇ ಇಲ್ಲಿ! ನಮ್ಮ ಹಸಿರು ದೀಪದ ಜೋಡಿ ಸಿಕ್ತು. ಇಡೀ ರಾಜ್ಯದಲ್ಲಿ ಇಂಥ ಜೋಡಿ ಇರೋದು ನಮ್ಮನೇಲಿ ಮಾತ್ರ!”

ಹೆಂಡತಿ ಫಳಫಳ ಹೊಳೆಯುವ ಇಡ್ಲಿ ಪಾತ್ರೆಯನ್ನು ಒರೆಸುತ್ತ ಅಡುಗೆಮನೆಯಿಂದ ಬಂದು, ಅವರ ಕೈಯಲ್ಲಿದ್ದುದನ್ನು ನೋಡಿದಳು.

“ಅಯ್ಯೋ, ಬೆಳಗ್ಗೆ ಅದನ್ನ ಕೊಟ್ಟೇ ಅಲ್ವೇನ್ರೀ ನಾನು ಇದನ್ನ ತಗೊಂಡಿದ್ದು!”