ಅಳಿಯನ ಬೀಳ್ಕೊಡುಗೆ

"ಬೀಳ್ಕೊಡುಗೆ ಮಾಡ್ಲಿಲ್ವಾ? ಒಂದು ಹಾರ, ಒಂದು ಶಾಲು, ಏನೂ ಇಲ್ವಾ?" ಮಲ್ಲಿಕಾರ್ಜುನಪ್ಪ ರೊಟ್ಟಿ ಮುರಿಯುವುದನ್ನೇ ನಿಲ್ಲಿಸಿದರು.

"ಇಲ್ಲಪ್ಪ. ಮುಂದಿನ ವರ್ಷಕ್ಕೆ ಇವ್ರು ಬೇಡ ಅಂತ ಕ್ಲಬ್ಬಿನೋರು ಒಂದು ಮೇಲ್ ಹಾಕಿದ್ರು, ಅಷ್ಟೆ," ಎಂದಳು ಮಗಳು ದೀಪಶ್ರೀ. ಪಕ್ಕದಲ್ಲಿ ಅವಳ ಗಂಡ, ಅಮೆರಿಕದ ಕರ್ಟಿಸ್, ತಲೆ ತಗ್ಗಿಸಿ ಉಣ್ಣುತ್ತಿದ್ದ. ಇಟಲಿ, ಗ್ರೀಸ್, ಪೋಲೆಂಡ್ ಎಂದು ಯುರೋಪಿನ ಊರೂರು ಸುತ್ತಿ, ಬ್ಯಾಸ್ಕೆಟ್‌ಬಾಲ್ ಆಡಿಯೇ ಹೊಟ್ಟೆ ಹೊರೆದವನು. ಮೂವತ್ತಾರಕ್ಕೇ ಕೆಲಸ ಮುಗಿದಿತ್ತು. ಹೆಂಡತಿಯ ತವರು ಕಡೂರಿಗೆ ಬಂದಾಗಿನಿಂದ ಜಗಲಿಯ ಮೇಲೆ ಮಂಕಾಗಿ ಕೂತಿರುತ್ತಿದ್ದ.

ಮಲ್ಲಿಕಾರ್ಜುನಪ್ಪನವರಿಗೆ ಅದೇ ಸಂಕಟ. ಹಾದು ಹೋಗುವವರೆಲ್ಲ ಅಳಿಯನಿಗೆ ಯಾವ ಕೆಲಸ ಎಂದು ಕೇಳುವವರೇ. ಊರ ಬಾಯಿ ಮುಚ್ಚಿಸಲಾದೀತೆ? ಚೆಂಡಾಡುವುದು ಎನ್ನಲು ಇವರಿಗೆ ನಾಲಿಗೆ ಹೊರಳದು. ಇವರಿಬ್ಬರು ಬೇಗ ಹೊರಟರೆ ಸಾಕಪ್ಪ ಎಂದು ಒಳಗೊಳಗೇ ಅಂದುಕೊಂಡದ್ದೂ ಉಂಟು. ಆದರೂ ದುಡಿದವನನ್ನು ಹೀಗೆ ಬರಿಗೈಯಲ್ಲಿ ಕಳಿಸುವುದೇ? ರೈಲ್ವೆಯಲ್ಲಿ ಹಳಿ ಕಾಯ್ದು ನಿವೃತ್ತರಾದ ತಮಗೇ ಪೇಟ ತೊಡಿಸಿ ಹಣ್ಣಿನ ಬುಟ್ಟಿ ಕೊಟ್ಟಿದ್ದರು. ಊಟ ಮುಗಿಸಿ ಕೈ ತೊಳೆದವರೇ, ಜೊತೆಗೆ ರೈಲ್ವೆಯಲ್ಲಿದ್ದ ಗೆಳೆಯ ಓಂಕಾರಮೂರ್ತಿಗೆ ಫೋನ್ ಮಾಡಿದರು.

ಭಾನುವಾರ ಬೀರೂರಿನಲ್ಲಿ ಅವರ ನಿವೃತ್ತ ಗೆಳೆಯರೆಲ್ಲ ಸೇರಿದರು. ಓಂಕಾರಮೂರ್ತಿ ಸ್ಟೂಲು ಹತ್ತಿ ಕರ್ಟಿಸ್‌ಗೆ ಹಾರ ಹಾಕಿದರು. "ಇವರು ದೀರ್ಘಕಾಲ ಕಳಂಕರಹಿತ ಸೇವೆ ಸಲ್ಲಿಸಿದ್ದಾರೆ," ಎಂದು ಭಾಷಣ ಬಿಗಿದರು. ಯಾವ ಸೇವೆ ಎಂಬುದು ಪಾಪ ಅವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನಗುತ್ತಿದ್ದ ಕರ್ಟಿಸ್, ಶಾಲು ಹೆಗಲ ಮೇಲೆ ಬಿದ್ದದ್ದೇ ತಡ, ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಉಪ್ಪಿಟ್ಟು, ಕೇಸರಿಬಾತ್ ಮುಗಿದ ಮೇಲೆ ಓಂಕಾರಮೂರ್ತಿ ತಮ್ಮ ಓಮ್ನಿ ತಂದು ನಿಲ್ಲಿಸಿದರು. "ರಿಟೈರಾದೋರ್ನ ಅವ್ರ ಮನೆ ತಂಕ ಬಿಟ್ಟು ಬರೋದು ನಮ್ ಪದ್ಧತಿ ಕಣಮ್ಮ. ಇವ್ರ ಮನೆ ಎಲ್ಲಿ, ಹೇಳು," ಎಂದು ದೀಪಶ್ರೀಯನ್ನು ತಮಾಷೆಗೆ ಕೇಳಿದರು.

ದೀಪಶ್ರೀಯ ನಗು ಆರಿತು. "ಯಾವೂರಲ್ಲಿ ಆಡಿದ್ರೂ ಕ್ಲಬ್ಬಿನೋರು ಕೊಟ್ಟ ಮನೇಲೇ ಇದ್ದಿದ್ದು, ಮಾವ. ಆಟ ಮುಗೀತು, ಬೀಗದಕೈ ವಾಪಸ್ ಕೊಟ್ವಿ. ಇವ್ರದ್ದು ಅಂತ ಮನೆ ಎಲ್ಲೂ ಇಲ್ಲ."

ಆಗಲೇ ಓಮ್ನಿಯ ಮುಂದಿನ ಸೀಟಿನಲ್ಲಿ ಕೂತಿದ್ದ ಮಲ್ಲಿಕಾರ್ಜುನಪ್ಪ ಇಳಿದು, ಅಳಿಯನ ತೋಳು ಹಿಡಿದು ತಂದು ತಮ್ಮ ಜಾಗದಲ್ಲಿ ಕೂರಿಸಿದರು. ತಾವು ಹಿಂದಿನ ಸೀಟಿಗೆ ಹೋದರು.

"ಕಡೂರಿಗೆ ನಡಿ, ಓಂಕಾರ. ನಮ್ ಬೀದಿ ಬಂದ ತಕ್ಷಣ ಜೋರಾಗಿ ಹಾರನ್ ಹೊಡಿ. ಅಳಿಯಂದ್ರು ರಿಟೈರಾಗಿ ಮನೆಗೆ ಬತ್ತಾವ್ರೆ ಅಂತ ಎಲ್ರಿಗೂ ಗೊತ್ತಾಗ್ಲಿ."