ಈಶಾನ್ಯ ಮೂಲೆಯ ಡಬ್ಬಿ

ಚನ್ನಬಸಯ್ಯನವರು ಬೆರಳ ಗಿಣ್ಣಿನಿಂದ ಗೋಡೆ ತಟ್ಟಿ, ಕಿವಿಗೊಟ್ಟು ಕೇಳಿದರು. ಸಂತೆಯಲ್ಲಿ ಗಡಿಗೆ ಕೊಳ್ಳುವವರು ಹೀಗೆ ತಟ್ಟುತ್ತಾರೆ. ಆದರೆ ಅವರು ನಿಂತಿದ್ದದ್ದು ರೂಪಾಲಿಯ ಮನೆಯ ಹಾಲ್‌ನಲ್ಲಿ. ಹೊಸ ಇಂಟರ್ನೆಟ್ ಬೇಕಾಗಿದ್ದದ್ದೂ ರೂಪಾಲಿಗೆ.

ಚನ್ನಬಸಯ್ಯ ಕಾಕಾಗೆ ಇದರಲ್ಲಿ ಕಮಿಷನ್ ಇದೆ ಎಂಬ ಸಂಶಯ ಅವಳಿಗೆ ಹುಟ್ಟಿದ್ದು ಆಗಲೇ.

ಮುಂಬಯಿಯ ಆಂಟಾಪ್ ಹಿಲ್‌ನ ಆ ಬಿಲ್ಡಿಂಗಿನಲ್ಲಿ ಚನ್ನಬಸಯ್ಯನವರದು ಪಕ್ಕದ ಮನೆ. ವಿಜಯಪುರದ ಕಡೆಯವರು. ಹಣೆಯ ಮೇಲೆ ವಿಭೂತಿ, ಬಾಯಲ್ಲಿ ಶಿವನಾಮ. ತಮ್ಮ ಹೊಸ್ತಿಲೊಳಗೆ ಇಂಟರ್ನೆಟ್ಟಿನ ವೈರು ಬಿಟ್ಟುಕೊಂಡವರಲ್ಲ. ಯಾರಾದರೂ ಕೇಳಿದರೆ, ‘ನನಗ ಬೇಕಾದ್ದನ್ನ ಶಿವ ತಾನಾಗಿ ಕೊಟ್ಟಾನ’ ಎಂದು ಕಣ್ಣು ಮುಚ್ಚುತ್ತಿದ್ದರು. ಅಂಥವರು ಮಂದಿಯ ಇಂಟರ್ನೆಟ್ಟಿಗಾಗಿ ಮಾಟುಂಗದ ಗುಡಿಯಲ್ಲಿ ಕಾಯಿ ಒಡೆಸಿ ಬಂದಿದ್ದರು.

ರೂಪಾಲಿಗೆ ಇದು ಅನ್ನದ ಪ್ರಶ್ನೆ. ಪರೇಲಿನ ವಿಮಾ ಕಚೇರಿಯ ಕೆಲಸ. ಮಡಿಲಲ್ಲಿ ಕೂಸಿದೆಯೆಂದು ಮನೆಯಿಂದಲೇ ಮಾಡಲು ಬಿಟ್ಟಿದ್ದರು. ಆದರೆ ಮಧ್ಯಾಹ್ನ ಗಿರಾಕಿಗಳೊಡನೆ ವಿಡಿಯೋ ಕಾಲ್‌ಗೆ ಕೂತರೆ ಸಾಕು, ಎದುರಿನ ಮುಖ ಬಾಯಿ ತೆರೆದಂತೆಯೇ ಕಲ್ಲಾಗುತ್ತಿತ್ತು. ಇನ್ನೊಮ್ಮೆ ಹೀಗಾದರೆ ಕೂಸನ್ನು ಬಿಟ್ಟು ಲೋಕಲ್ ರೈಲು ಹತ್ತು, ಇಲ್ಲವೆ ಕೆಲಸ ಬಿಡು ಎಂದು ಮೇಲಿನ ಅಧಿಕಾರಿ ರಂಜನಾ ಹೇಳಿಬಿಟ್ಟಿದ್ದಳು. ಹಳೆಯ ಕಂಪನಿಯವರು ಬಂದು ವೈರು ಜಗ್ಗಿ, ವೈಫೈ ಡಬ್ಬಿಯ ಧೂಳು ಒರೆಸಿ, ತಪ್ಪು ತಮ್ಮದಲ್ಲವೆಂದು ಹೋದರು. ತಪ್ಪು ತನ್ನದೆಂದು ಯಾವ ಕಂಪನಿ ಹೇಳೀತು?

ಅಂಥ ಹೊತ್ತಿನಲ್ಲಿ ಅವಳಿಗೆ ಸಮಾಧಾನ ಕೊಡುತ್ತಿದ್ದದ್ದು ಪಕ್ಕದ ಮನೆಯ ಟಿವಿಯಿಂದ ಕೇಳಿಬರುವ ಊರ ಮಠದ ಪ್ರವಚನ. ಸ್ವಾಮಿಗಳು ಮಾತಿನ ನಡುವೆ ತಟ್ಟನೆ ಮೌನವಾಗಿಬಿಡುತ್ತಿದ್ದರು. ಬಹಳ ಹೊತ್ತು. ದೊಡ್ಡವರು ಒಳಗಿಳಿದಿದ್ದಾರೆ ಎಂದುಕೊಂಡು ರೂಪಾಲಿ ನಿಂತುಹೋದ ಕಂಪ್ಯೂಟರಿನ ಮುಂದೆಯೇ ಕೈ ಮುಗಿಯುತ್ತಿದ್ದಳು.

ಹೊಸ ಕಂಪನಿ ಹುಡುಕುವ ಕೆಲಸವನ್ನು ಅವಳ ಗಂಡ ಅನಿಲಕುಮಾರ ಕಾಕಾರಿಗೆ ಒಪ್ಪಿಸಿದ್ದ. ಒಪ್ಪಿಸಿದ್ದ ಅನ್ನುವುದಕ್ಕಿಂತ ಅವರೇ ಎತ್ತಿಕೊಂಡಿದ್ದರು.

ಮೊದಲು ಬಂದ ಕಂಪನಿಯವನು ಸಿನಿಮಾ, ಕ್ರಿಕೆಟ್, ಧಾರಾವಾಹಿ ಎಲ್ಲವನ್ನೂ ಬಿಟ್ಟಿ ಕೊಡುವೆನೆಂದು ಹಿಂದಿಯಲ್ಲಿ ಹೇಳಿದ. ಕಾಕಾ ಕೇಳಿದ್ದು ಒಂದೇ: ನಿನ್ನ ಡಬ್ಬಿ ಎಷ್ಟು ಗೋಡೆ ದಾಟುತ್ತದೆ? ಒಂದು ದಾಟಿದರೆ ಹೆಚ್ಚು ಎಂದು ಅವನು ಪ್ರಾಮಾಣಿಕನಾಗಿ ಹೇಳಿದ. ಪ್ರಾಮಾಣಿಕತೆಗೆ ಒಂದು ಕಪ್ ಚಹಾ ಕುಡಿಸಿ ಕಳಿಸಿದರು.

ಎರಡನೆಯವನು ಬೆಳಗಾವಿಯ ಶರಣ. "ಎರಡು ಗ್ವಾಡಿ ಆರಾಮ ದಾಟತೈತ್ರಿ, ಕಾಕಾ." ಆಗಲೇ ಅವರು ಎದ್ದು ಗೋಡೆ ತಟ್ಟಿದ್ದು. ಅಡುಗೆಮನೆಗೂ ಮುಟ್ಟಬೇಕಲ್ಲ ಎಂದು ರೂಪಾಲಿಗೆ ಸಮಜಾಯಿಷಿ ಕೊಟ್ಟರು. ಅಡುಗೆಮನೆ ಇದ್ದದ್ದು ಎದುರು ದಿಕ್ಕಿಗೆ.

ಸಣ್ಣ ಪ್ಲ್ಯಾನ್ ಸಾಕೆಂದಳು ರೂಪಾಲಿ. ಕಾಕಾ ದೊಡ್ಡದರ ಮೇಲೆ ಬೆರಳಿಟ್ಟರು.

"ಅಡಿಗಿ ಮಾಡುವಾಗ ಒಂದ ಎಲಿ ಹೆಚ್ಚಿಗಿ ಹಿಡದ ಮಾಡಬೇಕು, ತಂಗಿ. ಯಾವಾಗ ಯಾರು ಬರತಾರೋ."

ದೊಡ್ಡ ಪ್ಲ್ಯಾನಿಗೆ ದೊಡ್ಡ ಕಮಿಷನ್, ಎಂದುಕೊಂಡಳು ಅವಳು. ಇಬ್ಬರೂ ಹೊರಗೆ ಹೋದ ಮೇಲೆ ಬಾಗಿಲ ಸಂದಿಗೆ ಕಿವಿಯಿಟ್ಟಳು. ಅವಳೆಣಿಸಿದಂತೆಯೇ ಶರಣ, ನಿಮಗೂ ಏನಾದರೂ ಮುಟ್ಟಿಸುತ್ತೇನೆ ಎನ್ನುತ್ತಿದ್ದ.

"ಮಂದಿ ರೊಕ್ಕ ನನಗ ವಿಷ ಇದ್ದಂಗ," ಎಂದರು ಕಾಕಾ.

"ಹಂಗಾರ ನಿಮ್ಮ ಮನಿಗೂ ಒಂದು ಹಾಕತೀನ್ರಿ. ಒಂದು ತಿಂಗಳು ಪುಕ್ಕಟೆ."

"ಒಂದು ತಿಂಗಳು ಪುಕ್ಕಟೆ ತಗೊಂಡು ಏನ ಮಾಡ್ಲೋ, ತಮ್ಮಾ?"

ರೂಪಾಲಿಯ ಮುಖ ನಾಚಿಕೆಯಿಂದ ಬಿಸಿಯಾಯಿತು. ಇಂಥವರ ಮೇಲೆ ಸಂಶಯಪಟ್ಟೆನಲ್ಲ.

ಡಬ್ಬಿ ಕೂಡಿಸುವ ದಿನ ಕಾಕಾ ಮಿಂದು ಬಂದಿದ್ದರು. ಹಳೆಯದು ಮಲಗುವ ಕೋಣೆಯಲ್ಲಿತ್ತು. ಅಲ್ಲಿದ್ದದ್ದರಿಂದಲೇ ಇಷ್ಟು ಕಾಟ ಎಂದರು. ಈಶಾನ್ಯ ಮೂಲೆಯೇ ಆಗಬೇಕು. ಅದೇ ಗೋಡೆಯ ಆಚೆ ಮಗ್ಗುಲಿಗೆ ಅವರ ದೇವರ ಜಗಲಿ. ಈಚೆ ಡಬ್ಬಿ, ಆಚೆ ದೇವರು. ಇದಕ್ಕಿಂತ ಹೆಚ್ಚಿನ ಕಾವಲು ಬೇಕೆ?

ಶರಣ ಹೊಸ ಪಾಸ್‌ವರ್ಡ್ ಕೇಳಿದ. ಹಳೆಯದು ಶಿವನ ಹೆಸರು. ಈ ಮನೆಯಲ್ಲಿ ಹಾಲು ಉಕ್ಕಿಸಿದ ದಿನ ಕಾಕಾ ಅವರೇ ಸೂಚಿಸಿದ್ದು. ರೂಪಾಲಿ ಕೂಸಿನ ಹೆಸರಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಅವರು ಕೈಯೆತ್ತಿದರು.

"ಕಂಪನಿ ಬದಲಾಗಲಿ, ತಂಗಿ. ದೇವರು ಬದಲಾಗಬಾರದು."

ಶರಣನಿಗೂ ಭಕ್ತಿ ಬಂತು. ವೈಫೈಯ ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ ಹಾಗೆಯೇ ಉಳಿದವು.

ಮರುದಿನ ಮಧ್ಯಾಹ್ನದ ಕಾಲ್‌ನಲ್ಲಿ ರಂಜನಾ ತಾನೇ ಕೂತಿದ್ದಳು, ತಪ್ಪು ಹಿಡಿಯಲೆಂದು. ಚಿತ್ರ ಒಮ್ಮೆಯೂ ಅಲುಗಲಿಲ್ಲ. ಕೂಸು ಆಕಳಿಸಿದ್ದು ಕೂಡ ಪರೇಲಿನಲ್ಲಿ ಸ್ಪಷ್ಟವಾಗಿ ಕಂಡಿತು. ಮನೆಯಿಂದಲೇ ಮುಂದುವರಿಸು ಎಂದಳು ರಂಜನಾ. ಪಕ್ಕದ ಮನೆಯಲ್ಲಿ ಸ್ವಾಮಿಗಳಿಗೂ ಅಂದು ವಿಶೇಷ ಹುರುಪು. ಎಲ್ಲೂ ಮೌನಕ್ಕೆ ಜಾರದೆ ಹೊಳೆಯಂತೆ ಹರಿಯುತ್ತಿದ್ದರು.

ರೂಪಾಲಿ ಗೋಧಿ ಹುಗ್ಗಿ ಮಾಡಿ, ತುಪ್ಪ ಹಾಕಿ, ಒಯ್ದು ಕೊಟ್ಟಳು. ಕಾಕಾರ ಪಾದ ಮುಟ್ಟಿ, ಮನಸ್ಸಿನಲ್ಲೇ ಕ್ಷಮೆ ಕೇಳಿದಳು. ತನ್ನದೇನಿದೆ, ಎಲ್ಲ ಶಿವನ ಕೃಪೆ ಎಂದು ಅವರು ಜಗಲಿಯ ಕಡೆಗೆ ಕೈ ತೋರಿದರು. ಅವಳು ಕಣ್ಣೊರೆಸಿಕೊಂಡು ಮನೆಗೆ ಹೋದಳು.

ಬಾಗಿಲು ಮುಚ್ಚಿತು. ಚನ್ನಬಸಯ್ಯನವರ ಹೆಂಡತಿ ದಾನವ್ವ ಹುಗ್ಗಿಯ ಬಟ್ಟಲು ಅವರ ಮುಂದಿಟ್ಟು, ಜಗಲಿಯ ಕೆಳಗಿನ ಟಿವಿಯ ದನಿ ಏರಿಸಿದಳು.

"ಹಳೇ ಕಂಪನಿಗಿಂತ ಇದು ವಾಸಿ ನೋಡ್ರಿ," ಎಂದಳು. "ಗ್ವಾಡಿ ಚಲೋ ದಾಟತೈತಿ."