ಪಂಪ್ ಹೇಳುವ ಲೆಕ್ಕ

ಕಕ್ಕಸಿನ ಗುಂಡಿಯ ಮುಚ್ಚಳ ತೆಗೆದು, ಬಕೆಟ್ಟಿನಲ್ಲಿ ಅರ್ಧ ಖಾಲಿ ಮಾಡಿ, ಟಾರ್ಚ್ ಬಿಟ್ಟ ಪಂಪ್ ರಿಪೇರಿಯವನಿಗೆ ಒಳಗೆ ಕಂಡದ್ದು ದಾರ. ಹತ್ತೆಳೆ ಸೇರಿಸಿ ಹೊಸೆದು, ಮೇಣ ಸವರಿದ ಕಪ್ಪು ದಾರ. ನೀರು ಏರಿದಂತೆ ತಾನೂ ಮೇಲೆದ್ದು ಪಂಪನ್ನು ಶುರು ಮಾಡಬೇಕಾದ ಫ್ಲೋಟನ್ನು ಯಾರೋ ಆ ದಾರದಿಂದ ಪಂಪಿನ ಹಿಡಿಕೆಗೆ ಬಿಗಿದು ಕಟ್ಟಿದ್ದರು. ಇಪ್ಪತ್ತು ವರ್ಷಗಳಲ್ಲಿ ಅವನು ಇಂಥ ಗುಂಡಿಗಳಿಂದ ಚಮಚ ತೆಗೆದಿದ್ದ, ಹಲ್ಲಿನ ಸೆಟ್ಟು ತೆಗೆದಿದ್ದ, ಒಮ್ಮೆ ಇನ್ನೂ ಓಡುತ್ತಿದ್ದ ವಾಚನ್ನೂ ತೆಗೆದಿದ್ದ. ದರ್ಜಿ ಕೆಲಸ ಕಂಡದ್ದು ಇದೇ ಮೊದಲು.

ತಿರುಗಿ ನೋಡಿದ. ನೆಲದ ತುಂಬ ಹರಡಿದ್ದ ಕೊಳಕು ನೀರಿನ ನಡುವೆ, ಹೊಲಿಗೆ ಮೆಷಿನ್ನಿನ ಹಿಂದೆ, ಸ್ಟೂಲಿನ ಮೇಲೆ ಕಾಲು ಎತ್ತಿಟ್ಟುಕೊಂಡು ಮುದುಕ ದರ್ಜಿ ಕೂತಿದ್ದರು. ಕೊರಳಲ್ಲಿ ಅಳತೆ ಟೇಪು. ಅವರು ಯಾರ ಅಳತೆಯನ್ನಾದರೂ ತೆಗೆದು ಏಳೆಂಟು ವರ್ಷವಾಗಿತ್ತು. ಟೇಪಿಲ್ಲದಿದ್ದರೆ ಕತ್ತಿಗೆ ಥಂಡಿಯಾಗುತ್ತದೆ ಎನ್ನುತ್ತಿದ್ದರು.

"ಗಂಟು ನಿಮ್ಮದಾ ಯಜಮಾನ್ರೇ?"

"ಎಳೆದರೆ ಬಿಚ್ಕೋಬೇಕಿತ್ತು. ಇವತ್ತು ನೆನೆದು ಕಚ್ಕೊಂಡುಬಿಡ್ತು," ಎಂದರು ದರ್ಜಿ, ಗಿರಾಕಿಯ ಮುಂದೆ ತಪ್ಪು ಹೊಲಿಗೆ ಒಪ್ಪಿಕೊಂಡವರ ಹಾಗೆ.

ಆ ಕೋಣೆ ಒಂದು ಕಾಲಕ್ಕೆ ರಸ್ತೆಯ ಸಮಕ್ಕಿದ್ದ ಅಂಗಡಿ. ಟಾರಿನ ಮೇಲೆ ಟಾರು ಹಾಕಿ ಹಾಕಿ ರಸ್ತೆ ಮೇಲೇರಿತು, ಜೊತೆಗೆ ಚರಂಡಿ ಪೈಪೂ ಏರಿತು, ಅಂಗಡಿ ಮಾತ್ರ ಇದ್ದಲ್ಲೇ ಉಳಿಯಿತು. ದರ್ಜಿಯೂ ಉಳಿದರು. ಮೇಲಿನ ಮನೆಗೆ ಬಂದು ನಮ್ಮ ಜೊತೆ ಇರಿ ಎಂದು ಮಗ ಸೊಸೆ ಎಷ್ಟು ಕರೆದರೂ ಸುತರಾಂ ಒಪ್ಪಲಿಲ್ಲ. ಕೊನೆಗೆ ಕೆಳಗೇ ಒಂದು ಕಕ್ಕಸು ಕಟ್ಟಿಸಿ, ಅದರ ನೀರನ್ನು ಮೇಲಿನ ಪೈಪಿಗೆ ಎತ್ತಿಹಾಕಲು ಪಂಪ್ ಕೂರಿಸಿದರು. ಫ್ಲೋಟು ಗುಂಡಿಯ ತಳದ ಹತ್ತಿರವೇ ಇತ್ತು. ಒಂದು ಸಲ ಫ್ಲಶ್ ಮಾಡಿದರೆ ಸಾಕು, ಪಂಪ್ ಗುರ್ ಎಂದು ಇಡೀ ಮನೆಗೆ ಸುದ್ದಿ ಮುಟ್ಟಿಸುತ್ತಿತ್ತು.

ಸೊಸೆ ಒಳ್ಳೆಯ ಹೆಂಗಸು. ಕಷ್ಟ ಶುರುವಾದದ್ದೇ ಅಲ್ಲಿಂದ. ಮಾವ ರಾತ್ರಿ ಎಷ್ಟು ಸಲ ಏಳುತ್ತಾರೆ ಅಂತ ಗಮನಿಸಿ ಎಂದು ಡಾಕ್ಟರು ಹೇಳಿದ್ದೇ ತಡ, ಅವಳು ಕ್ಯಾಲೆಂಡರಿಗೆ ಪೆನ್ಸಿಲ್ ಕಟ್ಟಿ, ಪಂಪ್ ಕೂಗಿದಾಗಲೆಲ್ಲ ನಿದ್ದೆಗಣ್ಣಲ್ಲೇ ಎದ್ದು ಗೀಟು ಎಳೆಯತೊಡಗಿದಳು. ಬೆಳಿಗ್ಗೆ ತಿಂಡಿಯ ತಟ್ಟೆಯನ್ನು ಮೆಟ್ಟಿಲ ತುದಿಯಲ್ಲಿಟ್ಟು, ನಿನ್ನೆ ಐದಾಯ್ತು ಮಾವ ಎಂದು ಅಲ್ಲಿಂದಲೇ ಹೇಳಿ ಹೋಗುತ್ತಿದ್ದಳು. ಆರು ದಾಟಿದರೆ ಆಸ್ಪತ್ರೆಗೆ ಸೇರಿಸುವುದೇ ಸೈ ಎಂದು ಮಗ ತೀರ್ಮಾನ ಮಾಡಿಬಿಟ್ಟಿದ್ದ. ದರ್ಜಿಯ ಪಕ್ಕದಲ್ಲಿ ಮೂವತ್ತು ವರ್ಷ ಕೂತು ಕಾಜ ಹೊಲಿದ ಗೆಳೆಯ ಹೀಗೇ ಆಸ್ಪತ್ರೆಗೆ ಹೋಗಿದ್ದ. ಟ್ಯೂಬು, ಮೂತ್ರದ ಚೀಲ ಹಾಕಿಸಿಕೊಂಡು ಬಂದವನು ನಾಚಿಕೆಯಿಂದ ಮನೆಯಾಚೆ ಕಾಲಿಡದೆ ಎರಡೇ ತಿಂಗಳಲ್ಲಿ ತೀರಿಕೊಂಡ. ದರ್ಜಿಗೆ ಆ ಚೀಲ ಕನಸಲ್ಲೂ ಬರುತ್ತಿತ್ತು.

ಅದಕ್ಕೇ ಈ ಗಂಟು ಎಂದು ದರ್ಜಿ ತಗ್ಗಿದ ದನಿಯಲ್ಲಿ ರಿಪೇರಿಯವನಿಗೆ ಎಲ್ಲ ಹೇಳಿದರು. ಮಲಗುವ ಮುಂಚೆ ಫ್ಲೋಟ್ ಕಟ್ಟುವುದು. ಬೆಳಿಗ್ಗೆ ಮೇಲೆ ಮಿಕ್ಸಿ ಶುರುವಾದ ಕೂಡಲೇ ಮುಚ್ಚಳದ ತೂತಿನಿಂದ ದಾರದ ತುದಿ ಎಳೆಯುವುದು. ರಾತ್ರಿಯದೆಲ್ಲ ಮಿಕ್ಸಿಯ ಸದ್ದಿನ ಮರೆಯಲ್ಲಿ ಒಂದೇ ಸಲಕ್ಕೆ ಮೇಲೆ ಹೋಗುತ್ತಿತ್ತು. ಕಳೆದ ಒಂದು ತಿಂಗಳಲ್ಲಿ ಕ್ಯಾಲೆಂಡರಿನ ಪ್ರಕಾರ ಮಾವನ ಆರೋಗ್ಯ ಬಹಳ ಸುಧಾರಿಸಿತ್ತು.

ಸೊಸೆ ಮೂಗಿಗೆ ಟವಲು ಹಿಡಿದು ಮೆಟ್ಟಿಲ ಮೇಲಿಂದ ಏನಾಗಿದೆಯಂತೆ ಎಂದು ಕೇಳಿದಳು. ರಿಪೇರಿಯವನು ದಾರ ಕತ್ತರಿಸಿ ಜೇಬಿಗೆ ಹಾಕಿಕೊಂಡ.

"ಕೆಳಗಿನ ನೀರು ಸಾಲ್ದೆ ಪಂಪ್ ಕಟ್ಕೊಂಡಿದೆ ಕಣಮ್ಮ. ಮೇಲಿನ ಅಡುಗೆಮನೆ, ಬಚ್ಚಲು, ಎಲ್ಲದರ ನೀರೂ ಈ ಗುಂಡಿಗೇ ಬಿಡ್ಬೇಕು."

ಮೇಲಿನ ನೀರನ್ನು ಕೆಳಗಿಳಿಸಿ ಮತ್ತೆ ಮೇಲಕ್ಕೆ ಎತ್ತುವುದು ತಲೆ ನೆಟ್ಟಗಿರುವವರು ಮಾಡುವ ಕೆಲಸವಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸಂಜೆಯೊಳಗೆ ಪೈಪು ತಿರುಗಿಸಿ ಮುಗಿಸಿದ. ಮೇಲಿನ ಫ್ಲಶ್ ಟ್ಯಾಂಕು ಸಣ್ಣಗೆ ಸೋರುತ್ತಿತ್ತು. ಅದನ್ನು ಕಂಡೂ ಕಾಣದವನಂತೆ ಬಿಟ್ಟ. ಹೊರಡುವಾಗ ದರ್ಜಿಯ ಹತ್ತಿರ ಬಗ್ಗಿ, ಇನ್ನು ಯಾವುದು ಯಾರದ್ದು ಅಂತ ಪಂಪಿಗೂ ಗೊತ್ತಾಗಲ್ಲ ಎಂದು ಪಿಸುಗುಟ್ಟಿದ.

ಆ ರಾತ್ರಿ ಪಂಪ್ ಬೆಳಗಿನವರೆಗೂ ಓಡಿತು. ಹದಿನೇಳನೇ ಗೀಟಿಗೆ ಸೊಸೆ ಪೆನ್ಸಿಲ್ ಬಿಟ್ಟು ಮಲಗಿದಳು.

ಬೆಳಿಗ್ಗೆ ಅವಳು ತಟ್ಟೆ ಹಿಡಿದುಕೊಂಡು ಕೆಳಗಿನವರೆಗೂ ಇಳಿದು ಬಂದಳು. ಪಂಪ್ ಕೂರಿಸಿದ ಮೇಲೆ ಅವಳು ಈ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಕೇಳಬೇಕಾದ್ದನ್ನೆಲ್ಲ ಪಂಪೇ ಹೇಳುತ್ತಿದ್ದಾಗ ಬರುವ ಅಗತ್ಯವೂ ಬಿದ್ದಿರಲಿಲ್ಲ. ಸ್ಟೂಲ್ ಎಳೆದುಕೊಂಡು ಮಾವನ ಎದುರು ಕೂತಳು. ಅವರೇ ಹೊಲಿದುಕೊಂಡ ಅಂಗಿ ಅವರ ಹೆಗಲಿನಿಂದ ಜಾರುತ್ತಿತ್ತು. ಇಷ್ಟು ಇಳಿದುಹೋಗಿದ್ದಾರಲ್ಲ ಎಂದುಕೊಂಡು ತಟ್ಟೆಯನ್ನು ಅವರ ಕೈಗೇ ಕೊಟ್ಟಳು.

"ಮಾವ, ರಾತ್ರಿ ಎಷ್ಟು ಸಲ ಎದ್ರಿ?"

ಯಾರು ಕೇಳಿದರೂ ಎರಡು ಎನ್ನಬೇಕೆಂದು ದರ್ಜಿ ಗಟ್ಟಿ ಮಾಡಿಕೊಂಡಿದ್ದರು. ಆದರೆ ಇಷ್ಟು ದಿನದಲ್ಲಿ ಅವರನ್ನೇ ಯಾರೂ ಕೇಳಿರಲಿಲ್ಲ. ಸೊಸೆಯ ಮುಖ ನೋಡಿದರು.

"ಒಂಬತ್ತು," ಎಂದರು. "ನಂಗೆ ಹೆದರಿಕೆ ಆಗ್ತಿದೆ ಕಣಮ್ಮ."